ನಾನ್ನೂರ ಹದಿನೇಳನೆಯ ಡ್ರಮ್ಮು

ಅಂಜನಮ್ಮ ಬಂದಾಗ ನಾನು ಅನುಸೂಯಮ್ಮನವರ ಜಗುಲಿಯ ಮೇಲೆ ನನ್ನ ಲೂನಾದ ಪ್ಲಗ್ ಬಿಚ್ಚಿ ಉಜ್ಜುತ್ತ ಕೂತಿದ್ದೆ. ಅವಳ ಬಗಲಲ್ಲಿ ಮಡಿಸಿದ ಸೀರೆಗಳ ದೊಡ್ಡ ಗಂಟಿತ್ತು. ಅದನ್ನು ಇಳಿಸಿದವಳು ನೀರು ಕೂಡ ಕೇಳದೆ ಹೇಳಿಬಿಟ್ಟಳು.

"ಅಮ್ಮಾ, ನಮ್ಮ ಯಜಮಾನ್ರು ಬರೋ ಶುಕ್ರವಾರ ತಪ್ಪೊಪ್ಕೊಂಡು ಸಹಿ ಹಾಕ್ತೀನಿ ಅಂತ ಕೂತವ್ರೆ. ಮಾಡ್ದೇ ಇರೋ ತಪ್ಪಿಗೆ."

ಅವಳ ಯಜಮಾನ ಸಂಜೀವಪ್ಪನನ್ನು ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಅರಿಯದವರಿಲ್ಲ. ಬಾಶೆಟ್ಟಿಹಳ್ಳಿಯ ಒಂದು ರೇಷ್ಮೆ ಮಿಲ್ಲಿನಲ್ಲಿ ಹದಿನಾರು ವರ್ಷದಿಂದ ಸ್ಟೋರ್‌ಕೀಪರ್. ಒಂದು ಸೂಜಿ ಕೊಡಬೇಕಾದರೂ ಎರಡು ಸಲ ನೋಡಿ ಕೊಡುವ ಮನುಷ್ಯ. ಆ ವಾರದ ಬುಧವಾರ, ಗಣೇಶನ ಹಬ್ಬ ಕಳೆದು ಎರಡು ವಾರಕ್ಕೆ, ಅವನು ಸ್ಟೋರಿನಿಂದ ಕೊಟ್ಟ ಪೆರಾಕ್ಸೈಡ್ ರಾಸಾಯನಿಕದ ಡ್ರಮ್ಮಿನ ಮುಚ್ಚಳ ತೆಗೆಯುತ್ತಿದ್ದಂತೆ ಒಳಗಿದ್ದದ್ದು ಬುಗ್ಗೆಯಾಗಿ ಎದ್ದು ಪಿಳ್ಳಮ್ಮ ಎಂಬ ಹೆಂಗಸಿನ ಮುಖಕ್ಕೆ ರಾಚಿತ್ತು. ನೂಲು ಬಿಳುಪು ಮಾಡುವ ವಿಭಾಗದಲ್ಲಿ ಅವಳೇ ಹಿರಿಯಳು. ಬಲಗಣ್ಣು ಹೋಯಿತು ಎಂದು ಬೆಂಗಳೂರಿನ ಡಾಕ್ಟರು ಹೇಳಿ ಕಳಿಸಿದ್ದರು.

"ಆ ಡ್ರಮ್ಮು ಕೊಡಬಾರದು ಅಂತ ಲ್ಯಾಬಿನೋರು ಅವರ ಕಂಪ್ಯೂಟರಲ್ಲಿ ತಡೆ ಹಾಕಿದ್ರಂತೆ," ಎಂದಳು ಅಂಜನಮ್ಮ. "ಇವರು ಸ್ಟೋರಿನ ಸ್ಕ್ರೀನಲ್ಲಿ ಕೊಡು ಅಂತ ಇತ್ತು, ಅದಕ್ಕೇ ಕೊಟ್ಟೆ ಅಂತಾರೆ. ಆಮೇಲೆ ಹೋಗಿ ನೋಡಿದ್ರೆ ಕೊಡಬೇಡ ಅಂತ ಇದೆ. ಈಗ ಇವರಿಗೇ ಅನುಮಾನ. ನನ್ ಕಣ್ಣೇ ಕೆಟ್ಟಿರಬೇಕು ಕಣೇ, ಆ ಹೆಣ್ಣುಮಗಳ ಕಣ್ಣು ನಾನೇ ಕಿತ್ತೆ ಅಂತ ಗೋಡೆ ಕಡೆ ತಿರುಗಿ ಮಲಗ್ಬಿಟ್ಟವ್ರೆ. ಮೂರು ದಿನ ಆಯ್ತು, ಅನ್ನ ಮುಟ್ಟಿಲ್ಲ."

ನನ್ನ ಬಾಯಿ ಸುಮ್ಮನಿರುವುದಿಲ್ಲ. "ಎರಡು ಕಂಪ್ಯೂಟರೂ ಒಂದೇ ಮಾತು ಹೇಳ್ತಿದ್ರೆ ಇನ್ನೇನಮ್ಮ? ಮನುಷ್ಯ ತೂಕಡಿಸಿರ್ತಾನೆ," ಎಂದುಬಿಟ್ಟೆ. ಕಂಪ್ಯೂಟರ್ ಎಂದರೆ ಮೈಯುರಿಯುವ ನಾನೇ ಅವತ್ತು ಅದರ ಪರ ವಾದಿಸಿದೆ. ಅಂಜನಮ್ಮ ನನ್ನ ಕಡೆ ನೋಡಲೂ ಇಲ್ಲ.

ಅನುಸೂಯಮ್ಮನವರು ಮಾತ್ರ ಬೇರೇನೋ ನೋಡುತ್ತಿದ್ದರು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಊರಿನ ಕರೆಗಳನ್ನೆಲ್ಲ ಜೋಡಿಸಿದವರು ಅವರು. ನಿವೃತ್ತಿಯಾದ ಮೇಲೆ ಊರಿನ ನಾಲ್ಕಾರು ಕಗ್ಗಂಟು ಬಿಡಿಸಿ ಹೆಸರಾಗಿದ್ದರು. ನಾನು ಗಂಗಣ್ಣ, ಮಗ್ಗ ರಿಪೇರಿಯವನು. ಅವರನ್ನು ಲೂನಾದ ಹಿಂದೆ ಕೂರಿಸಿಕೊಂಡು ತಿರುಗಿಸುವುದು ನನ್ನ ಪಾಲಿಗೆ ಬಂದ ಕೆಲಸ. ಅದಕ್ಕೆ ಕೂಲಿ ಅರ್ಧ ಲೋಟ ಕಾಫಿ. ಪೂರ್ತಿ ಲೋಟ ನಾನು ಕಂಡವನಲ್ಲ.

"ಸೀರೆ ಮಡಿಕೆ ಒಳಗೆ ಇಟ್ಟಿದ್ದೀಯಲ್ಲ, ಆ ಕಾಗದ ಎಲ್ಲೀದು?" ಎಂದು ಅವರು ಕೇಳಿದರು. ಗಂಟಿನಿಂದ ಇಣುಕುತ್ತಿದ್ದ ಕಾಗದದ ಎರಡೂ ಅಂಚಿಗೆ ಸಾಲಾಗಿ ತೂತುಗಳಿದ್ದವು.

"ಮಿಲ್ಲಿನ ಕಂಪ್ಯೂಟರ್ ರೂಮಿನ ರದ್ದಿ ಅಮ್ಮ. ತಿಂಗಳಿಗೊಂದ್ಸಲ ಇವರು ತರ್ತಿದ್ರು. ಮಡಿಕೆ ಮುರೀದೇ ಇರ್ಲಿ ಅಂತ ಒಳಗಿಡ್ತೀವಿ. ಬೀದಿನಲ್ಲಿ ಎಲ್ರೂ ಅದನ್ನೇ ಇಡೋದು."

ಅನುಸೂಯಮ್ಮನವರು ಆ ಕಾಗದದ ಅಂಚು ಮುಟ್ಟಿ ನೋಡಿ ಎದ್ದರು. "ಗಂಗಣ್ಣ, ಗಾಡಿ ಜೋಡಿಸಿ. ಮಿಲ್ಲಿಗೆ ಹೋಗೋಣ," ಎಂದು ಚಪ್ಪಲಿ ಮೆಟ್ಟಿದರು.

ಮಿಲ್ಲಿನ ಮ್ಯಾನೇಜರ್ ರವಿಶಂಕರ್ ಒಳ್ಳೆಯ ಮಾತಿನವನು. ಆದರೆ ಗಂಟೆಗೆ ಎಷ್ಟು ಕೆ.ಜಿ. ನೂಲು ಎನ್ನುವುದು ಬಿಟ್ಟು ಬೇರೆ ಧ್ಯಾನವಿಲ್ಲ. ನಮ್ಮನ್ನು ಮೊದಲು ಲ್ಯಾಬಿಗೆ ಕರೆದುಕೊಂಡು ಹೋದ. ಅಲ್ಲಿನ ಹೊಸ ಕಂಪ್ಯೂಟರಿನಲ್ಲಿ ಆ ಬುಧವಾರ ಕೊಟ್ಟಿದ್ದ ನಾನ್ನೂರ ಹದಿನೇಳನೆಯ ಡ್ರಮ್ಮಿನ ಎದುರು 'ತಡೆ' ಎಂದಿತ್ತು. ಆಮೇಲೆ ಸ್ಟೋರಿಗೆ. ಅಲ್ಲಿದ್ದದ್ದು ಹತ್ತು ವರ್ಷದ ಹಳೇ ಡಬ್ಬಿ, ಹಸಿರು ಅಕ್ಷರದ್ದು. ಅದರಲ್ಲಿ ಅದೇ ನಂಬರಿನ ಎದುರು 'ಕೊಡಬೇಡ' ಎಂದಿತ್ತು.

"ಎರಡು ಸಾಕ್ಷಿ ಮೇಡಂ," ಎಂದ ರವಿಶಂಕರ್. "ಸಂಜೀವಪ್ಪ ಒಳ್ಳೇ ಮನುಷ್ಯ, ನನಗೂ ಬೇಜಾರೇ. ಆದ್ರೆ ನಾನೇನು ಮಾಡ್ಲಿ?"

ಲ್ಯಾಬಿನ ಪದ್ಮಶ್ರೀ ಎಂಬ ಹುಡುಗಿ ಕೈ ಹಿಸುಕಿಕೊಳ್ಳುತ್ತ ನಿಂತಿದ್ದಳು. ಡ್ರಮ್ಮಿನ ಮಾದರಿ ತಾನಾಗಿಯೇ ಬಿಸಿಯಾಗುತ್ತಿತ್ತು, ಒಳಗೆ ಏನೋ ಕಲಬೆರಕೆಯಾಗಿ ಗಾಳಿ ಕಟ್ಟಿಕೊಳ್ಳುತ್ತಿರಬಹುದು ಎಂದು ಅನುಮಾನ ಬಂದು ತಡೆ ಹಾಕಿದೆ ಎಂದಳು.

"ತಡೆ ಅಂತ ಹಾಕೋದು ಅಪರೂಪವಾ?" ಎಂದರು ಅನುಸೂಯಮ್ಮನವರು.

ಪದ್ಮಶ್ರೀ ತಲೆ ತಗ್ಗಿಸಿದಳು. "ಅಪರೂಪ ಅಲ್ಲ ಮೇಡಂ. ದೊಡ್ಡ ಕೆಮಿಸ್ಟು ವಾರಕ್ಕೆ ಎರಡೇ ದಿನ ಬರೋದು. ಅವರ ಸಹಿ ಆಗೋವರೆಗೂ ಎಲ್ಲದಕ್ಕೂ ತಡೇನೇ ಹಾಕ್ತೀವಿ. ಹತ್ತರಲ್ಲಿ ಒಂಬತ್ತು ಬರೀ ಸಹಿ ಬಾಕಿ."

"ಆಗ ಬ್ಲೀಚಿಂಗಿನೋರು ಏನು ಮಾಡ್ತಿದ್ರು?"

ಉತ್ತರ ಕೊಟ್ಟವನು ರವಿಶಂಕರ್. "ಮೊದ್ಲು ಮಾಲಿಲ್ಲದೆ ಕೆಲಸದೋರನ್ನ ಗೇಟಿಂದಲೇ ವಾಪಸ್ ಕಳಿಸ್ತಿದ್ವಿ, ಆ ದಿನದ ಕೂಲಿ ಇರ್ತಿರ್ಲಿಲ್ಲ. ಆಷಾಢ ಕಳೆದ ಮೇಲೆ ಆ ತೊಂದ್ರೆ ಇಲ್ಲ. ಒಂದು ಗಂಟೇನೂ ನಿಂತಿಲ್ಲ."

ಕಂಪ್ಯೂಟರ್ ರೂಮಿನಲ್ಲಿ ನಂದೀಶ್ ಇದ್ದ. ಇಪ್ಪತ್ತಾರು ವರ್ಷ, ರಾಜಘಟ್ಟದವನು. ಇಡೀ ಮಿಲ್ಲಿಗೆ ಬೇಕಾದ ಹುಡುಗ. ಅಪಘಾತವಾದ ಪಿಳ್ಳಮ್ಮ ಅವನ ಸ್ವಂತ ಅಕ್ಕ. ತಾಯಿಯಿಲ್ಲದ ಅವನನ್ನು ಸಾಕಿ, ಕೂಲಿ ಮಾಡಿ ಡಿಪ್ಲೊಮಾ ಓದಿಸಿದವಳು. ಮೂರು ರಾತ್ರಿ ನಿದ್ದೆಯಿಲ್ಲದ ಮುಖ ಅವನದು.

"ಲ್ಯಾಬಿನ ಮಾತು ಸ್ಟೋರಿಗೆ ಹೋಗೋದು ಹೇಗಪ್ಪಾ?" ಎಂದು ಅನುಸೂಯಮ್ಮನವರು ಮೆತ್ತಗೆ ಕೇಳಿದರು.

"ಮಧ್ಯದಲ್ಲಿ ಒಂದು ಪ್ರೋಗ್ರಾಮ್ ಇದೆ ಅಮ್ಮಾ. ಅಡಾಪ್ಟರ್ ಅಂತೀವಿ. ನಾನೇ ಬರೆದಿದ್ದು. ಲ್ಯಾಬಿಂದು ಹೊಸಾ ಸಾಫ್ಟ್‌ವೇರು, ಸ್ಟೋರಿಂದು ಹಳೇದು. ಒಂದರ ಲೆಕ್ಕ ಇನ್ನೊಂದಕ್ಕೆ ಅರ್ಥ ಆಗಲ್ಲ. ಇದು ಬೆಳಿಗ್ಗೆ ಐದೂವರೆಗೆ ಒಂದ್ಸಲ, ಮಧ್ಯಾಹ್ನ ಒಂದೂವರೆಗೆ ಒಂದ್ಸಲ ಅಲ್ಲಿಂದು ಓದಿ, ಇಲ್ಲಿಗೆ ಬೇಕಾದ ಹಾಗೆ ಬದಲಾಯಿಸಿ ಹಾಕುತ್ತೆ. ಬೇಕಂದ್ರೆ ನಾವು ಕೈಯಾರೆ ಯಾವಾಗ ಬೇಕಾದ್ರೂ ಓಡಿಸ್ಬಹುದು."

"ಬದಲಾಯಿಸಿ ಅಂದ್ರೆ?"

"ಲ್ಯಾಬಿಗೆ ಮೂರು ಮಾತು ಗೊತ್ತು. ಪಾಸು, ಫೇಲು, ತಡೆ. ಸ್ಟೋರಿನ ಹಳೇ ಪ್ರೋಗ್ರಾಮಿಗೆ ಎರಡೇ ಗೊತ್ತು. ಕೊಡು, ಕೊಡಬೇಡ. ಯಾವುದಕ್ಕೆ ಯಾವುದು ಅಂತ ಅಡಾಪ್ಟರ್ ಒಳಗೆ ಒಂದು ಪಟ್ಟಿ ಇರುತ್ತೆ. ಪಾಸಿಗೆ ಕೊಡು. ಫೇಲಿಗೂ ತಡೆಗೂ ಕೊಡಬೇಡ."

"ಓಡಿದ್ದಕ್ಕೆ ಗುರುತು?"

"ಪ್ರತಿ ಸಲ ಪ್ರಿಂಟರಲ್ಲಿ ಹಾಳೆ ಬರುತ್ತೆ. ಲ್ಯಾಬ್ ಏನಂತು, ಸ್ಟೋರಿಗೆ ಏನು ಹೇಳ್ದೆ ಅಂತ." ಅವನು ಪ್ರಿಂಟರಿನ ಕಡೆ ಕೈ ತೋರಿಸಿದ. "ಬುಧವಾರ ಬೆಳಿಗ್ಗೆ ಪೇಪರ್ ಸಿಕ್ಕಾಕ್ಕೊಂಡು ಹರಿದೋಯ್ತು ಅಮ್ಮಾ. ಅವತ್ತಿಂದು ಇಲ್ಲ."

ಅನುಸೂಯಮ್ಮನವರು ಹೊರಗೆ ಬಂದು ಮುಂದೆ ಮುಂದೆ ನಡೆದರು. ಗೇಟಿನ ಹತ್ತಿರ ಬಂದಾಗ ಹೇಳಿದರು: "ಎರಡು ಸಾಕ್ಷಿ ಅಂತಾರೆ ಗಂಗಣ್ಣ. ಎಕ್ಸ್‌ಚೇಂಜಲ್ಲಿ ಆ ಕಡೆ ಲೈನು ಸರಿಯಿಲ್ದಾಗ ಒಬ್ಬರ ಮಾತು ಇನ್ನೊಬ್ಬರಿಗೆ ನಾನೇ ಹೇಳ್ತಿದ್ದೆ. ಇಬ್ಬರೂ ಒಂದೇ ಹೇಳಿದ್ರು ಅಂದ್ರೆ, ಇಬ್ಬರ ಮಾತೂ ನನ್ನ ಬಾಯಿಂದಲೇ ಬಂದದ್ದು. ಇಲ್ಲಿ ಸ್ಟೋರಿನ ಡಬ್ಬಿ ಸ್ವಂತವಾಗಿ ಏನೂ ನೋಡಿಲ್ಲ. ಯಾರೋ ಹೇಳಿದ್ದನ್ನ ಬರ್ಕೊಂಡಿದೆ, ಅಷ್ಟೆ."

ಗೇಟಿನಲ್ಲಿ ಬೈರಪ್ಪ ಬೀಡಿ ಸೇದುತ್ತ ಕೂತಿದ್ದ. ಅವನು ಮಿಲ್ಲಿನ ವಾಚ್‌ಮನ್. ಒಂದು ಮಾತು ಕೇಳಿದರೆ ಹತ್ತು ಹೇಳುವ ಜಾತಿ. ಬುಧವಾರದ ಗಲಾಟೆಯ ಬಗ್ಗೆ ಕೇಳಿದ್ದೇ ತಡ, ಶುರುಮಾಡಿದ.

"ಹನ್ನೊಂದು ಗಂಟೆ ಅಮ್ಮೋರೆ. ಆ ಎಣ್ಣು ಕಿರ್ಚ್ಕತಾ ಇತ್ತು. ವ್ಯಾನಿಗೆ ಆಕುದ್ರು. ಎಲ್ಲಾ ನಂದೀಸಪ್ಪ ಎಲ್ಲಿ ಅಂದ್ರು, ಆವಪ್ಪ ಬರ್ನೇ ಇಲ್ಲ. ವ್ಯಾನು ಒಲ್ಟೋಯ್ತು. ಒಂದತ್ತು ನಿಮ್ಸ ಆದ್ಮೇಲೆ ಕಂಪೂಟ್ರು ರೂಮಿಂದ ಓಡ್ಬಂದು ಬಸ್ಸು ಅತ್ತುದ. ಗಾಬ್ರಿ, ಪಾಪ, ಏನ್ಮಾಡ್ಬೇಕು ಅಂತ ಗೊತ್ತಾಗ್ದೆ ಓಗಿರ್ಬೇಕು."

ಅಲ್ಲಿಂದ ನೇರವಾಗಿ ಅಂಜನಮ್ಮನ ಮನೆಗೆ ಹೋದೆವು. ಒಳಕೋಣೆಯಲ್ಲಿ ಸಂಜೀವಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ನಾನು ಕರೆದರೂ ತಿರುಗಲಿಲ್ಲ. ಹಜಾರದಲ್ಲಿ ಅಂಜನಮ್ಮ ಗಂಟು ಬಿಚ್ಚಿದಳು, ಪಕ್ಕದ ಮನೆಗಳಿಂದಲೂ ಸೀರೆ ತರಿಸಿದಳು. ಮಡಿಕೆ ಕೆಡದ ಹಾಗೆ ಒಂದೊಂದೇ ಕಾಗದ ಎಳೆದು ತಾರೀಖಿನ ಪ್ರಕಾರ ಜೋಡಿಸಿದೆವು. ಆಗಸ್ಟ್ ಕೊನೆಯ ತನಕದ ಹಾಳೆಗಳಿದ್ದವು. ಸಂಜೆವರೆಗೂ ಅದೇ ಕೆಲಸ. ನನಗೆ ಸೊಂಟ ಹಿಡಿಯಿತು, ಗೊಣಗಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ.

ಜುಲೈ ಇಪ್ಪತ್ತೆರಡರವರೆಗಿನ ಹಾಳೆಗಳಲ್ಲಿ ಲ್ಯಾಬು 'ತಡೆ' ಎಂದ ಪ್ರತಿ ಸಾಲಿನ ಎದುರು ಸ್ಟೋರಿಗೆ 'ಕೊಡಬೇಡ' ಎಂದಿತ್ತು. ಇಪ್ಪತ್ಮೂರರ ಮಧ್ಯಾಹ್ನದ ಹಾಳೆಯಿಂದ ಅದೇ 'ತಡೆ'ಯ ಎದುರು 'ಕೊಡು' ಎಂದಾಗಿತ್ತು. ಅಲ್ಲಿಂದ ಮುಂದೆ ಎಲ್ಲ ಹಾಗೆಯೇ. ಸಂಜೀವಪ್ಪನ ಕಣ್ಣು ಸರಿಯಾಗಿಯೇ ಇತ್ತು.

ಅಂಜನಮ್ಮ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರ್ ತಿರುವಿದಳು. "ಇಪ್ಪತ್ಮೂರು ಭೀಮನ ಅಮಾವಾಸ್ಯೆ ಅಮ್ಮ. ಅವತ್ತು ಮಿಲ್ಲಿಗೆ ರಜ. ಮಿಲ್ಲಿನ ಯಜಮಾನ್ರೂ ನೇಕಾರರೇ ಅಲ್ವಾ, ಅಮಾವಾಸ್ಯೆ ದಿನ ಮಗ್ಗ ಮುಟ್ಟಲ್ಲ. ಸ್ಟೋರಿಗೂ ಬೀಗ. ಇವರು ಮನೇಲೇ ಇದ್ರು, ನಾನೇ ಪಾದಪೂಜೆ ಮಾಡಿದ್ದೆ."

ಮಾರನೇ ದಿನ ಮತ್ತೆ ಬೈರಪ್ಪನ ಹತ್ತಿರ ಹೋದೆವು. ಅಮಾವಾಸ್ಯೆ ದಿನ ಯಾರು ಬಂದಿದ್ದರು ಎಂದರೆ ಅವನು ಯೋಚಿಸಲೇ ಇಲ್ಲ.

"ನಂದೀಸಪ್ಪ ಒಬ್ನೇ. ಮದ್ಯಾನ ಬಂದು ಅರ್ದ ಗಂಟೆ ಇದ್ದ. ನಂಗೆ ಡಬ್ಬೀಲಿ ಕಡುಬು ತಂದಿದ್ದ. ಎಲ್ಲಾ ಜಜ್ಜೋಗಿ ಪುಡಿಪುಡಿ. ರುಚಿ ಮಾತ್ರ ಚೆಂದಾಗಿತ್ತು ಬುಡಿ."

ನನಗೆ ಎಲ್ಲ ತಿಳಿದುಹೋಯಿತು ಎಂದುಕೊಂಡೆ. ನೂಲು ನಿಲ್ಲಬಾರದು ಎಂದು ರವಿಶಂಕರ್ ಹೇಳಿರುತ್ತಾನೆ, ಬಡಪಾಯಿ ನಂದೀಶ್ ರಜೆಯ ದಿನ ಬಂದು ಮಾಡಿರುತ್ತಾನೆ. ಈಗ ಮ್ಯಾನೇಜರು ಕೈ ತೊಳೆದುಕೊಂಡು ಸ್ಟೋರ್‌ಕೀಪರನ ತಲೆಗೆ ಕಟ್ಟುತ್ತಿದ್ದಾನೆ. ಮೈಯೆಲ್ಲ ಉರಿಯಿತು. ಅನುಸೂಯಮ್ಮನವರು ಮಾತ್ರ ಮಂಕಾಗಿದ್ದರು.

"ಶುಕ್ರವಾರ ಎಲ್ಲರೂ ಸ್ಟೋರಿನಲ್ಲೇ ಸೇರಲಿ," ಎಂದರು. "ಪಿಳ್ಳಮ್ಮ ಬೇಡ. ಅವಳಿಗೆ ಹೇಳೋದನ್ನ ಆಮೇಲೆ ನಾನೇ ಹೋಗಿ ಹೇಳ್ತೀನಿ."

ಯಾಕೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಕಣ್ಣು ಕಳೆದುಕೊಂಡವಳು ಅವಳು, ಅದಕ್ಕೆ ಕಾರಣನಾದ ಮ್ಯಾನೇಜರನ ಮುಖ ಅವಳು ನೋಡಬೇಡವೇ ಎಂದು ನನ್ನ ಬುದ್ಧಿಗೆ ತೋಚಿತು. ಶುಕ್ರವಾರ ಬೆಳಿಗ್ಗೆ ಯಾರಿಗೂ ಹೇಳದೆ ರಾಜಘಟ್ಟಕ್ಕೆ ಹೋಗಿ, ಬ್ಯಾಂಡೇಜು ಕಟ್ಟಿದ್ದ ಪಿಳ್ಳಮ್ಮನನ್ನು ಲೂನಾದಲ್ಲಿ ಕೂರಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಅವಳು ನನ್ನ ಭುಜ ಹಿಡಿದು, "ನಿಧಾನ ಗಂಗಣ್ಣ, ಈ ಕಡೆ ಕಾಣಕಿಲ್ಲ," ಎನ್ನುತ್ತಿದ್ದಳು.

ನಾವು ಒಳಗೆ ಬಂದದ್ದನ್ನು ಕಂಡು ಅನುಸೂಯಮ್ಮನವರ ಮುಖದ ಬಣ್ಣ ಹೋಯಿತು. ಆದರೆ ಮಾತು ಆಗಲೇ ಶುರುವಾಗಿತ್ತು. ರವಿಶಂಕರ್ ವಿಚಾರಣೆಯ ಕಾಗದ ಹಿಡಿದು ಕೂತಿದ್ದ. ಎದುರಿಗೆ ಸಂಜೀವಪ್ಪ, ಅಂಜನಮ್ಮ. ಪಕ್ಕದಲ್ಲಿ ಪದ್ಮಶ್ರೀ, ಬೈರಪ್ಪ. ಕಂಬಕ್ಕೆ ಒರಗಿ ನಂದೀಶ್. ಸಂಜೀವಪ್ಪನ ಕೈಯಲ್ಲಿ ಪೆನ್ನಿತ್ತು.

"ಆ ಪೆನ್ನು ಕೆಳಗಿಡಪ್ಪಾ ಸಂಜೀವಪ್ಪ," ಎಂದು ಅನುಸೂಯಮ್ಮನವರು ಹಾಳೆಗಳನ್ನು ತಕ್ಕಡಿಯ ಮೇಲೆ ಹರಡಿದರು. "ಬುಧವಾರ ಬೆಳಿಗ್ಗೆ ನಿನ್ನ ಸ್ಕ್ರೀನಲ್ಲಿ ಕೊಡು ಅಂತಲೇ ಇತ್ತು. ಜುಲೈ ಇಪ್ಪತ್ಮೂರರಿಂದ ತಡೆ ಬಿದ್ದ ಎಲ್ಲಾ ಡ್ರಮ್ಮಿಗೂ ಕೊಡು ಅಂತಲೇ ಬರ್ತಿತ್ತು. ಈ ಸೀರೆ ಕಾಗದಗಳು ಹೇಳ್ತವೆ. ಅದಕ್ಕೇ ರವಿಶಂಕರ್, ಆಷಾಢ ಕಳೆದ ಮೇಲೆ ನಿಮ್ಮ ಬ್ಲೀಚಿಂಗ್ ನಿಂತೇ ಇಲ್ಲ. ನೀವು ಯಾಕೆ ಅಂತ ಕೇಳ್ಲಿಲ್ಲ."

ರವಿಶಂಕರ್ ಕಾಗದಗಳನ್ನು ತಿರುವಿ ತಿರುವಿ ನೋಡಿದ. "ಹಾಗಾದ್ರೆ ಈಗ ಕೊಡಬೇಡ ಅಂತ ಯಾಕೆ ತೋರಿಸ್ತಿದೆ?"

"ಹನ್ನೊಂದಕ್ಕೆ ಅಪಘಾತ. ಯಾರೋ ಓಡಿಹೋಗಿ ಅಡಾಪ್ಟರ್ ಪಟ್ಟೀನ ಮೊದಲಿನ ಹಾಗೆ ಮಾಡಿ, ಕೈಯಾರೆ ಇನ್ನೊಂದ್ಸಲ ಓಡಿಸಿದ್ರು. ಸ್ಟೋರಿನ ಡಬ್ಬಿ ಹೊಸಾ ಮಾತು ಬರ್ಕೊಂತು. ಬೆಳಗಿನ ಹಾಳೆ ಹರಿದು ಹಾಕಿದ್ರು. ಅದಕ್ಕೆ ಹತ್ತು ನಿಮಿಷ ಬೇಕಾಯ್ತು. ಆ ಹತ್ತು ನಿಮಿಷದಲ್ಲಿ ವ್ಯಾನು ಹೊರಟುಹೋಯ್ತು."

ಎಲ್ಲರೂ ನಂದೀಶನ ಕಡೆ ತಿರುಗಿದರು. ನಾನು ರವಿಶಂಕರನ ಕಡೆಯೇ ನೋಡುತ್ತಿದ್ದೆ. "ಮಾಡಿಸಿದ್ದು ಇವನಲ್ವಾ?" ಎಂದೆ.

"ಅಲ್ಲ ಗಂಗಣ್ಣ. ಮ್ಯಾನೇಜರ್ ಹೇಳಿದ್ರೆ ಕೆಲಸದ ದಿನವೇ ಮಾಡ್ತಿದ್ದ. ಅಮಾವಾಸ್ಯೆ ದಿನ ಬಂದ. ಜಜ್ಜಿದ ಕಡುಬು ತಂದಿದ್ದ." ಅವರು ಪಿಳ್ಳಮ್ಮನ ಕಡೆ ನೋಡಿದರು. ಮುಂದೆ ಹೇಳುವುದಕ್ಕೆ ಅವರಿಗೆ ಮನಸ್ಸಿರಲಿಲ್ಲ.

ಆಗ ನನಗೂ ಹೊಳೆಯಿತು. ಹೊಳೆಯಬೇಕಾದದ್ದಕ್ಕಿಂತ ನಾಲ್ಕೈದು ದಿನ ತಡವಾಗಿ. ಭೀಮನ ಅಮಾವಾಸ್ಯೆ ದಿನ ನಮ್ಮ ಕಡೆ ಹೆಣ್ಣುಮಕ್ಕಳು ಹೊಸ್ತಿಲ ಮೇಲೆ ಕಡುಬಿಡುತ್ತಾರೆ. ಅಣ್ಣನೋ ತಮ್ಮನೋ ಬಂದು ಅದನ್ನು ಮೊಣಕೈಯಲ್ಲಿ ಒಡೆಯುತ್ತಾನೆ. ಭಂಡಾರ ಒಡೆಯುವುದು ಎನ್ನುತ್ತಾರೆ. ಒಡೆದವನು ಅಕ್ಕತಂಗಿಗೆ ಏನಾದರೂ ಉಡುಗೊರೆ ಕೊಡಬೇಕು.

ಪಿಳ್ಳಮ್ಮನಿಗೆ ಹೇಳುವವರು ಬೇಕಾಗಲಿಲ್ಲ. ಉಳಿದ ಒಂದು ಕಣ್ಣಿನಿಂದ ತಮ್ಮನನ್ನೇ ನೋಡುತ್ತ, "ನಾನು ಕೇಳಿದ್ದಾ ಕಣೋ?" ಎಂದಳು. "ನಿಂಗೇನು ಬೇಕಕ್ಕ ಅಂದೆ. ಸೀರೆ ಗೀರೆ ಬ್ಯಾಡ, ನಮ್ ಡ್ರಮ್ಮು ನಿಲ್ದೆ ಬರಂಗೆ ಮಾಡ್ಕೊಡು, ಗೇಟಿಂದ ವಾಪಸ್ ಬಂದು ಬಂದು ಸಾಕಾಗದೆ ಅಂದೆ. ಅದಾ?"

ನಂದೀಶ್ ಕಂಬ ಬಿಟ್ಟು ಕೆಳಗೆ ಕೂತುಬಿಟ್ಟ. "ಫೇಲ್ ಆಗಿದ್ದು ಯಾವತ್ತೂ ಬಿಟ್ಟಿಲ್ಲಕ್ಕ. ತಡೆ ಅಂದ್ರೆ ಬರೀ ಸಹಿ ಬಾಕಿ ಅಂದ್ಕೊಂಡಿದ್ದೆ. ಆ ಹತ್ತರಲ್ಲಿ ಒಂದು ನಿನ್ ಕೈಗೇ ಬರುತ್ತೆ ಅಂತ..."

"ನನ್ನ ವ್ಯಾನಿಗೆ ಹಾಕ್ದಾಗ ನಂದೀಶ, ನಂದೀಶ ಅಂತ ಕರ್ದೆ ಕಣೋ," ಎಂದಳು ಅವಳು. ಬೈದದ್ದಲ್ಲ. ನಡೆದದ್ದನ್ನು ಹೇಳಿದಳು, ಅಷ್ಟೆ.

ಸಂಜೀವಪ್ಪ ಎದ್ದುಹೋಗಿ ನಂದೀಶನ ಪಕ್ಕ ಕೂತ. ಒಂದು ವಾರ ಸಾಯಬೇಕೆಂದುಕೊಂಡಿದ್ದವನು, ಆ ಹುಡುಗನ ಬೆನ್ನ ಮೇಲೆ ಕೈಯಿಟ್ಟ. "ನಂಗೊಂದು ಮಾತು ಹೇಳ್ಬಾರ್ದಿತ್ತೇನಪ್ಪಾ, ಪಟ್ಟಿ ಬದಲಾಯಿಸಿದೀನಿ ಅಂತ? ನಾನು ಎರಡ್ಸಲ ನೋಡ್ತಿದ್ನಲ್ಲೋ," ಎಂದ. ಅವನಿಗೆ ಸಿಟ್ಟು ಬಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸಂಜೀವಪ್ಪನಿಗೆ ಕೆಲಸವೂ ಮಾನವೂ ಉಳಿದವು. ದೊಡ್ಡ ಕೆಮಿಸ್ಟು ದಿನಾ ಬರುವ ಹಾಗಾಯಿತು. ಸ್ಟೋರಿಗೆ ಮೂರು ಮಾತೂ ಅರ್ಥವಾಗುವ ಹೊಸ ಪ್ರೋಗ್ರಾಮ್ ಬಂತು. ನಂದೀಶ್ ತಾನಾಗಿಯೇ ಎಲ್ಲ ಬರೆದುಕೊಟ್ಟು ಕೆಲಸ ಬಿಟ್ಟು, ಹೊಸಕೋಟೆಯ ಕಡೆ ಎಲ್ಲೋ ಸೇರಿಕೊಂಡ.

ಅವತ್ತು ವಾಪಸ್ ಬರುವಾಗ ನಾನು ಅನುಸೂಯಮ್ಮನವರ ಹತ್ತಿರ ತಪ್ಪಾಯಿತು ಎಂದೆ. ಬಯ್ಯಲಿ ಎಂದು ಕಾದೆ. "ನಾನೂ ಅವನನ್ನ ಒಬ್ಬನೇ ಕರೆದು ಕೇಳಬಹುದಿತ್ತು ಗಂಗಣ್ಣ," ಎಂದರು. "ಎಲ್ಲರೆದುರು ಬಿಡಿಸಿ ಹೇಳೋ ಚಪಲ ನಂದು. ಅವನೇ ಅಕ್ಕನಿಗೆ ಹೇಳಿದ್ರೆ ಬೇರೆ ಆಗ್ತಿತ್ತು." ಅವತ್ತು ನನಗೆ ಪೂರ್ತಿ ಲೋಟ ಕಾಫಿ ಕೊಟ್ಟರು. ನನಗೆ ಕುಡಿಯಲಾಗಲಿಲ್ಲ.

ಮುಂದಿನ ವರ್ಷ ಭೀಮನ ಅಮಾವಾಸ್ಯೆಗೆ ಪಿಳ್ಳಮ್ಮ ನಮ್ಮಿಬ್ಬರನ್ನೂ ಊಟಕ್ಕೆ ಕರೆದಳು. ರಾಜಘಟ್ಟದ ಅವಳ ಮನೆಯ ಹೊಸ್ತಿಲ ಮೇಲೆ ಕಡುಬಿಟ್ಟು ತಟ್ಟೆ ಮುಚ್ಚಿತ್ತು. ಮಧ್ಯಾಹ್ನ ಎರಡಾದರೂ ಊಟಕ್ಕೆ ಎಬ್ಬಿಸಲಿಲ್ಲ. ನನ್ನ ಹೊಟ್ಟೆ ಗುರುಗುಟ್ಟುತ್ತಿತ್ತು, ಬಾಯಿ ಬಿಡುವ ಧೈರ್ಯ ಬರಲಿಲ್ಲ. ಬಸ್ಸಿನ ಸದ್ದು ಕೇಳಿದಾಗಲೆಲ್ಲ ಅವಳು ಪೂರ್ತಿ ಕುತ್ತಿಗೆ ತಿರುಗಿಸಿ, ಎಡಗಣ್ಣಿನಿಂದ ಬೀದಿ ನೋಡುತ್ತಿದ್ದಳು.

ಮೂರರ ಬಸ್ಸಿಗೆ ನಂದೀಶ್ ಬಂದ. ಸೊರಗಿಹೋಗಿದ್ದ. ನಮಗೆ ಕೈಮುಗಿದು ಹೊಸ್ತಿಲ ಹೊರಗೇ ನಿಂತ. ಅವಳು ಬಗ್ಗಿ ತಟ್ಟೆ ತೆಗೆದಳು. ಅವನು ಮಂಡಿಯೂರಿ ತೋಳು ಮಡಿಸಿ ಮೊಣಕೈ ಎತ್ತಿದವನು, ಹಾಗೆಯೇ ತಡೆದು ಅಕ್ಕನ ಮುಖ ನೋಡಿದ. ನಿಂಗೇನು ಬೇಕಕ್ಕ ಎಂದು ಪ್ರತಿ ವರ್ಷ ಕೇಳುವ ಮಾತು ಬಾಯಿಗೆ ಬಂದು ನಿಂತಿತ್ತು.

"ಒಡಿಯೋ," ಎಂದಳು ಪಿಳ್ಳಮ್ಮ. "ಈ ಸಲ ನಾನೇನೂ ಕೇಳಕಿಲ್ಲ."